ಹೂವಿನ ಹಳೆಯ ನೆಂಟ ಜೀರುಂಡೆ

ಜೀರುಂಡೆ ಎಂದರೆ ಬೆನ್ನ ಮೇಲೆ ಗಟ್ಟಿ ಓಡು ಹೊತ್ತ ಕೀಟ. ಅದರ ಎರಡು ಜೊತೆ ರೆಕ್ಕೆಗಳಲ್ಲಿ ಮುಂದಿನ ಜೊತೆ ಚಿಪ್ಪಿನಂತೆ ಗಡುಸಾಗಿ, ಹಾರಲು ಬೇಕಾದ ಹಿಂದಿನ ತೆಳು ರೆಕ್ಕೆಗಳನ್ನು ಮುಚ್ಚಿ ಕಾಯುತ್ತದೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ಕೀಟ, ಅಕ್ಕಿ ಡಬ್ಬದಲ್ಲಿ ಹರಿದಾಡುವ ಮೂತಿ ಹುಳು, ಸಗಣಿಯ ಉಂಡೆ ಉರುಳಿಸುವ ಹುಳು, ಮುಂಗಾರಿನ ಮುಂಚೆ ಮರ ತುಂಬ ಮಿನುಗುವ ಮಿಂಚುಹುಳು, ಗಿಡದ ಹೇನು ತಿನ್ನುವ ಗುಲಗಂಜಿ ಹುಳು ಎಲ್ಲವೂ ಈ ಒಂದೇ ಬಳಗದವು. ವಿಜ್ಞಾನ ಇದುವರೆಗೆ ಹೆಸರಿಟ್ಟಿರುವ ಜೀರುಂಡೆ ಪ್ರಭೇದಗಳು ಸುಮಾರು 4 ಲಕ್ಷ. ಹೆಸರು ಪಡೆದ ಎಲ್ಲ ಪ್ರಾಣಿ ಪ್ರಭೇದಗಳ ಲೆಕ್ಕ ಹಿಡಿದರೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಜೀರುಂಡೆ.

ಪರಾಗಸ್ಪರ್ಶದ ಮಾತು ಬಂದರೆ ನೆನಪಾಗುವುದು ಜೇನು, ಆಮೇಲೆ ಚಿಟ್ಟೆ. ಜೀರುಂಡೆಯ ಹೆಸರು ಕೇಳಿಬರುವುದು ಬಹುತೇಕ ಪೀಡೆಗಳ ಪಟ್ಟಿಯಲ್ಲಿ. ಅದು ಎಸಳು ಕಡಿಯುತ್ತದೆ, ಕೇಸರ ಮೇಯುತ್ತದೆ, ಹೂವಿನೊಳಗೇ ಹಿಕ್ಕೆ ಹಾಕುತ್ತದೆ ಎಂಬ ದೂರುಗಳು ಸುಳ್ಳಲ್ಲ. ಆದರೂ ಸೀತಾಫಲ ಕಾಯಿ ಕಚ್ಚುವುದು, ತಾಳೆಯ ಗೊನೆ ತುಂಬುವುದು, ಕಾಡಿನ ರಾಮಪತ್ರೆ ಬೀಜ ಕಟ್ಟುವುದು ಇಂಥ ಹುಳುಗಳ ಓಡಾಟದಿಂದಲೇ. ಬಹುಮಟ್ಟಿಗೆ ಜೀರುಂಡೆಯನ್ನೇ ನೆಚ್ಚಿಕೊಂಡ ಸಸ್ಯಗಳು ಕನಿಷ್ಠ 34 ಕುಟುಂಬಗಳಲ್ಲಿ ಇವೆ ಎಂದು ಸಸ್ಯವಿಜ್ಞಾನಿ ಪೀಟರ್ ಬರ್ನ್‌ಹಾರ್ಟ್ 2000ದಲ್ಲಿ ಲೆಕ್ಕ ಕೊಟ್ಟಿದ್ದರು.

ಅಂಟಿನಲ್ಲಿ ಉಳಿದ ಸಾಕ್ಷಿ

ಹೂವಿಗಿಂತ ಜೀರುಂಡೆ ಹಳೆಯದು. ಜೀರುಂಡೆಗಳ ಪಳೆಯುಳಿಕೆ 28 ಕೋಟಿ ವರ್ಷಗಳಿಗೂ ಹಿಂದಿನ ಶಿಲೆಗಳಲ್ಲಿ ಸಿಗುತ್ತದೆ. ಹೂ ಬಿಡುವ ಸಸ್ಯಗಳ ಸ್ಪಷ್ಟ ಗುರುತುಗಳು ಸಿಗುವುದು ಸುಮಾರು 13 ಕೋಟಿ ವರ್ಷಗಳಿಂದ ಈಚೆಗೆ. ಹೂವು ಇಲ್ಲದ ಆ ಕಾಲದಲ್ಲೂ ಸೈಕಸ್ ಜಾತಿಯ ಗಿಡಗಳು ತಮ್ಮ ಶಂಕುಗಳಲ್ಲಿ ಪರಾಗ ತಯಾರಿಸುತ್ತಿದ್ದವು. ಈ ಗಿಡಗಳ ಪರಾಗ ಸಾಗುವುದು ಗಾಳಿಯಿಂದ ಎಂದೇ ಬಹುಕಾಲ ನಂಬಲಾಗಿತ್ತು. 1980ರ ದಶಕದಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಜೇಮಿಯಾ ಎಂಬ ಸೈಕಸ್ ಬಂಧುವಿನ ಮೇಲೆ ನಡೆದ ಪ್ರಯೋಗಗಳು ಅದರ ಪರಾಗ ಹೊರುವುದು ಪುಟ್ಟ ಮೂತಿ ಹುಳು ಎಂದು ತೋರಿಸಿದವು. ಹುಳು ಮುಟ್ಟದ ಹೆಣ್ಣು ಶಂಕುಗಳಲ್ಲಿ ಬೀಜ ಕಟ್ಟುವುದು ನಿಂತುಹೋಗುತ್ತಿತ್ತು.

ಈ ನಂಟು ಎಷ್ಟು ಹಳೆಯದು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಮ್ಯಾನ್ಮಾರ್‌ನ ಉತ್ತರ ಭಾಗದ ಕಚಿನ್ ಪ್ರಾಂತ್ಯದಲ್ಲಿ. ಅಲ್ಲಿ ನೆಲದಿಂದ ತೆಗೆಯುವ ಅಂಬರ್, ಎಂದರೆ ಕಲ್ಲಾದ ಮರದ ಅಂಟು, ಸುಮಾರು 9.9 ಕೋಟಿ ವರ್ಷ ಹಳೆಯದು. ಅಂಥ ಒಂದು ತುಣುಕಿನಲ್ಲಿ ಸೈಕಸ್ ಪರಾಗದ ಜೊತೆಗೇ ಸೆರೆಯಾದ ಜೀರುಂಡೆಯನ್ನು ವಿಜ್ಞಾನಿಗಳು 2018ರಲ್ಲಿ ವರ್ಣಿಸಿದರು. ಮರುವರ್ಷ ಇನ್ನೊಂದು ತುಣುಕಿನಿಂದ ಬಾಗಿದ ಬೆನ್ನಿನ ಪುಟ್ಟ ಜೀರುಂಡೆಯೊಂದು ಬೆಳಕಿಗೆ ಬಂತು. ಅದರ ಮೈಯ ರೋಮಗಳ ನಡುವೆಯೂ ಸುತ್ತಮುತ್ತಲೂ ಹೂ ಬಿಡುವ ಸಸ್ಯದ 62 ಪರಾಗ ಕಣಗಳಿದ್ದವು. ಹೂವಿನಿಂದ ಎದ್ದು ಬಂದ ಹುಳು ಮರದ ಅಂಟಿಗೆ ಕಾಲಿಟ್ಟು ಸಿಕ್ಕಿಬಿದ್ದ ಗಳಿಗೆ ಆ ಕಲ್ಲಿನಲ್ಲಿ ಹಾಗೇ ಉಳಿದಿದೆ. ಡೈನೋಸಾರ್‌ಗಳು ತಿರುಗಾಡುತ್ತಿದ್ದ ಕಾಲದಲ್ಲೇ ಜೀರುಂಡೆ ಪರಾಗದ ಹೊರೆ ಹೊತ್ತಿತ್ತು.

ಒರಟು ನೆಂಟನಿಗೆ ತಕ್ಕ ಮನೆ

ಜೇನಿಗೆ ಮಕರಂದ ಹೀರುವ ನಾಲಗೆಯಿದೆ, ಪರಾಗ ತುಂಬಿಕೊಳ್ಳಲು ಕಾಲಿನಲ್ಲಿ ಬುಟ್ಟಿಯಿದೆ. ಜೀರುಂಡೆಗೆ ಇರುವುದು ಕಡಿದು ಅಗಿಯುವ ದವಡೆ. ಅದು ಹೂವಿನ ಮೇಲೆ ನಾಜೂಕಾಗಿ ಇಳಿಯದು. ದೊಪ್ಪನೆ ಬೀಳುತ್ತದೆ, ತೆವಳುತ್ತದೆ, ಕೇಸರಗಳ ನಡುವೆ ನುಗ್ಗುತ್ತದೆ. ಪರಾಗ ತಿನ್ನುವಾಗ ತಿಂದದ್ದಕ್ಕಿಂತ ಮೈಗೆ ಮೆತ್ತಿಕೊಂಡದ್ದೇ ಹೆಚ್ಚಾಗಿರುವುದುಂಟು. ಓಡು ನುಣುಪಾಗಿದ್ದರೂ ಎದೆ, ಹೊಟ್ಟೆ ಮತ್ತು ಕಾಲುಗಳ ರೋಮಗಳಲ್ಲಿ ಪರಾಗ ಸಿಕ್ಕಿಕೊಳ್ಳುತ್ತದೆ. ಮುಂದಿನ ಹೂವಿಗೆ ಹೋದಾಗ ಅದೇ ಪರಾಗ ಶಲಾಕಾಗ್ರಕ್ಕೆ, ಎಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ತಾಗುತ್ತದೆ.

ಇಂಥ ನೆಂಟನನ್ನು ಬರಮಾಡಿಕೊಳ್ಳುವ ಹೂವಿಗೆ ಕೆಲವು ಸಿದ್ಧತೆಗಳು ಬೇಕು. ಎಸಳು ದಪ್ಪವಾಗಿರಬೇಕು, ಸ್ವಲ್ಪ ಕಡಿದರೂ ಹೂವು ಕೆಡಬಾರದು. ಅಂಡಾಶಯ ದವಡೆಗೆ ಸುಲಭವಾಗಿ ಸಿಗಬಾರದು. ಕೇಸರಗಳು ಹೇರಳವಾಗಿರಬೇಕು, ಕೆಲವು ತಿಂದುಹೋದರೂ ಉಳಿದವು ಸಾಲಬೇಕು. ಬಣ್ಣಕ್ಕಿಂತ ಪರಿಮಳ ಮುಂದಾಗಿರಬೇಕು, ಏಕೆಂದರೆ ಇವುಗಳಲ್ಲಿ ಹಲವು ಹುಳುಗಳು ಸಂಜೆ ಅಥವಾ ರಾತ್ರಿ ಹೊರಡುವಂಥವು. ಹಾಗಾಗಿ ಜೀರುಂಡೆ ಹೂಗಳು ಬಹುತೇಕ ಬಿಳಿ, ಕೆನೆ, ಹಸಿರು ಅಥವಾ ಮಾಸಲು ಬಣ್ಣದವು. ವಾಸನೆ ಮಾತ್ರ ಮಾಗಿದ ಹಣ್ಣಿನದೋ ಹುಳಿಬಂದ ರಸದ್ದೋ ಇರುತ್ತದೆ.

ಸಂಪಿಗೆಯ ಕುಲದಲ್ಲಿ ಈ ಲಕ್ಷಣಗಳನ್ನು ಒಟ್ಟಿಗೆ ಕಾಣಬಹುದು. ಹೂವಿನ ನಡುವೆ ಕಂಬದಂತೆ ಎದ್ದ ಭಾಗಕ್ಕೆ ಸುರುಳಿಯಾಗಿ ಅಂಟಿಕೊಂಡ ಹತ್ತಾರು ಪುಟ್ಟ ಅಂಡಾಶಯಗಳು, ಅವುಗಳ ಬುಡದಲ್ಲಿ ಒತ್ತಾಗಿ ನಿಂತ ದಪ್ಪ ಕೇಸರಗಳು, ಸುತ್ತ ತಿರುಳುಳ್ಳ ಎಸಳುಗಳು. ಹೂವಿನ ಹೆಣ್ಣು ಭಾಗ ಮೊದಲು ಸಿದ್ಧವಾಗುತ್ತದೆ, ಗಂಡು ಭಾಗ ಆಮೇಲೆ. ಬೇರೆ ಹೂವಿನ ಪರಾಗ ಹೊತ್ತು ಬಂದ ಹುಳು ಮೊದಲು ಅದನ್ನು ಒಪ್ಪಿಸುತ್ತದೆ, ಹೊಸ ಪರಾಗ ಪಡೆದು ಹೊರಡುತ್ತದೆ. ಈ ಸರದಿ ಹಲವು ಜೀರುಂಡೆ ಹೂಗಳಲ್ಲಿ ಕಾಣುತ್ತದೆ.

ಬೆಚ್ಚಗಿನ ತಾವರೆ

ಕರ್ನಾಟಕದ ರಾಜ್ಯಪುಷ್ಪವಾದ ತಾವರೆ ಇನ್ನೊಂದು ಉಪಾಯ ಬಲ್ಲದು: ಅದು ಬಿಸಿಯಾಗುತ್ತದೆ. ಆಸ್ಟ್ರೇಲಿಯಾದ ಅಡಿಲೇಡ್ ಸಸ್ಯೋದ್ಯಾನದಲ್ಲಿ ರೋಜರ್ ಸೆಮೂರ್ ಮತ್ತು ಪಾಲ್ ಶುಲ್ಟ್ಸ್-ಮೋಟೆಲ್ ತಾವರೆಯ ಉಷ್ಣತೆ ಅಳೆದು 1996ರಲ್ಲಿ ವರದಿ ಮಾಡಿದರು. ಸುತ್ತಲಿನ ಗಾಳಿ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗಲೂ ಹೂವಿನ ಒಳಗು 30ರಿಂದ 36 ಡಿಗ್ರಿಯಲ್ಲೇ ಉಳಿದಿತ್ತು. ಚಳಿ ಏರಿದಷ್ಟೂ ಹೂವು ಹೆಚ್ಚು ಶಾಖ ಹುಟ್ಟಿಸುತ್ತಿತ್ತು. ಹೀಗೆ 2ರಿಂದ 4 ದಿನ ಅದು ತನ್ನ ಬಿಸಿಯನ್ನು ತಾನೇ ಹದದಲ್ಲಿಟ್ಟುಕೊಳ್ಳುತ್ತದೆ.

ಈ ಕಾವು ಹೂವಿನ ದಿನಚರಿಯೊಡನೆ ಹೊಂದಿಕೊಂಡಿದೆ. ಮೊದಲ ದಿನ ಮೊಗ್ಗಿನ ತುದಿ ಮಾತ್ರ ಬಿರಿಯುತ್ತದೆ. ನಡುವಿನ ಹಳದಿ ಪೀಠದಲ್ಲಿ ಹುದುಗಿದ ಶಲಾಕಾಗ್ರಗಳು ಆಗ ತೇವವಾಗಿ ಪರಾಗಕ್ಕೆ ಕಾದಿರುತ್ತವೆ, ಪರಿಮಳ ಗಾಢವಾಗಿರುತ್ತದೆ. ಆ ದಿನ ಹೂವು ಮತ್ತೆ ಮುಚ್ಚಿಕೊಳ್ಳುತ್ತದೆ; ಒಳಗೆ ಸೇರಿದ ಜೀರುಂಡೆಗಳು ರಾತ್ರಿಯನ್ನು ಆ ಬೆಚ್ಚನೆಯ ಗೂಡಿನಲ್ಲಿ ಕಳೆಯುತ್ತವೆ. ಮರುದಿನ ಹೂವು ಅಗಲವಾಗಿ ಅರಳಿ ಕೇಸರಗಳು ಪರಾಗ ಸುರಿಸುತ್ತವೆ, ಹುಳುಗಳು ಅದನ್ನು ಮೆತ್ತಿಕೊಂಡು ಹಾರುತ್ತವೆ. ಇಂದಿನ ಕೆರೆಗಳಲ್ಲಿ ತಾವರೆಗೆ ಜೇನು, ನೊಣ, ಜೀರುಂಡೆ ಎಲ್ಲ ಬರುತ್ತವೆ. ಹೂವಿನ ಕಟ್ಟೋಣ ಮಾತ್ರ ಜೀರುಂಡೆಗೆ ಒಪ್ಪುವಂಥದು. ಸಂಜೆ ಮುಚ್ಚಿದ ಕಮಲದಲ್ಲಿ ಸೆರೆಯಾದ ದುಂಬಿ ನಮ್ಮ ಕಾವ್ಯಗಳಿಗೆ ಪ್ರಿಯವಾದ ಚಿತ್ರ. ಕವಿಗಳ ದುಂಬಿ ಮಕರಂದ ಹೀರುವ ಕಪ್ಪು ಭ್ರಮರ. ಇಂದಿನ ಕೃಷಿ ಬರಹಗಳಲ್ಲಿ ದುಂಬಿ ಎಂದರೆ ಜೀರುಂಡೆಯೂ ಹೌದು. ತಾವರೆಯ ಮಟ್ಟಿಗೆ ಈ ಎರಡು ಅರ್ಥವೂ ಸಲ್ಲುತ್ತವೆ.

ಹುಳುವಿಗೆ ಈ ಶಾಖ ನಿಜವಾದ ಉಡುಗೊರೆ. ಜೀರುಂಡೆ ರಾತ್ರಿಯ ತಂಪಿನಲ್ಲಿ ಚುರುಕಾಗಿರಬೇಕಾದರೆ ಮೈಯನ್ನು ತಾನೇ ಕಾಯಿಸಿಕೊಳ್ಳಬೇಕು, ಅದಕ್ಕೆ ಬಹಳ ಶಕ್ತಿ ಬೇಕು. ಫ್ರೆಂಚ್ ಗಯಾನಾದಲ್ಲಿ ಹೀಗೆಯೇ ಬಿಸಿಯಾಗುವ ಫಿಲೊಡೆಂಡ್ರಾನ್ ಎಂಬ ಗಿಡದ ಹೂಗೊಂಚಲಿಗೆ ಬರುವ ಜೀರುಂಡೆಗಳನ್ನು ಅಭ್ಯಸಿಸಿದ ಸೆಮೂರ್ ಮತ್ತು ಸಂಗಡಿಗರು, ಹೂವಿನ ಒಳಗಿಗಿಂತ ಹೊರಗೆ ಅವುಗಳಿಗೆ 2ರಿಂದ 4.8 ಪಟ್ಟು ಹೆಚ್ಚು ಶಕ್ತಿ ಬೇಕಾಗುತ್ತದೆ ಎಂದು 2003ರಲ್ಲಿ ತೋರಿಸಿದರು. ಉಣ್ಣುವುದಕ್ಕೂ ಜೊತೆಗೂಡುವುದಕ್ಕೂ ಅದಕ್ಕಿಂತ ಒಳ್ಳೆಯ ಜಾಗ ಆ ಕಾಡಿನಲ್ಲಿ ಅವಕ್ಕೆ ಸಿಗದು.

ಅಮೆಜಾನ್‌ನ ದೈತ್ಯ ನೈದಿಲೆ ವಿಕ್ಟೋರಿಯಾ ಇದೇ ಆಟವನ್ನು ಬಣ್ಣ ಬದಲಿಸಿ ಆಡುತ್ತದೆ. ಮೊದಲ ಸಂಜೆ ಅದು ಬಿಳಿಯಾಗಿ, ಬಿಸಿಯಾಗಿ, ಹಣ್ಣಿನ ಪರಿಮಳ ಬೀರುತ್ತ ಅರಳುತ್ತದೆ. ಜೀರುಂಡೆಗಳು ಒಳಗಿನ ಪಿಷ್ಟ ತುಂಬಿದ ತುಣುಕುಗಳನ್ನು ಮೇಯುತ್ತಿರುವಾಗಲೇ ಹೂವು ಮುಚ್ಚಿಕೊಳ್ಳುತ್ತದೆ. ಮರುದಿನ ಸಂಜೆ ಅದು ಮತ್ತೆ ತೆರೆಯುವಾಗ ಬಣ್ಣ ಕೆಂಪಗಾಗಿರುತ್ತದೆ, ಪರಿಮಳವಿರುವುದಿಲ್ಲ. ಪರಾಗ ಮೆತ್ತಿದ ಹುಳುಗಳು ಇನ್ನೊಂದು ಬಿಳಿ ಹೂವನ್ನು ಹುಡುಕಿ ಹೊರಡುತ್ತವೆ. ಗಿಲಿಯನ್ ಪ್ರಾನ್ಸ್ ಮತ್ತು ಜಾರ್ಜ್ ಏರಿಯಸ್ ಬ್ರೆಜಿಲ್‌ನ ಮನೌಸ್ ಸಮೀಪ ಇದನ್ನು ಗಮನಿಸಿ 1975ರಲ್ಲಿ ವಿವರವಾಗಿ ಬರೆದಿದ್ದಾರೆ.

ಸೀತಾಫಲದ ಒಂದೊಂದು ಕಣ್ಣು

ಹಿತ್ತಲಿನ ಸೀತಾಫಲದ ಗಿಡದಲ್ಲಿ ಹೂವು ಕಣ್ಣಿಗೆ ಬೀಳುವುದೇ ಕಷ್ಟ. ಎಲೆಯ ಮರೆಯಲ್ಲಿ ತಲೆಕೆಳಗಾಗಿ ತೂಗುವ, ಹಸಿರು ಮಿಶ್ರಿತ ಹಳದಿಯ ಮೂರು ದಪ್ಪ ಎಸಳುಗಳ ಹೂವದು. ಮೊದಲು ಎಸಳುಗಳ ನಡುವೆ ಕಿರಿದಾದ ಸಂದು ಬಿಡುತ್ತದೆ. ಆ ಹೊತ್ತಿಗೆ ಒಳಗಿನ ಶಲಾಕಾಗ್ರಗಳು ಅಂಟಂಟಾಗಿ ಹೊಳೆಯುತ್ತವೆ, ಕೇಸರಗಳು ಇನ್ನೂ ಬಿರಿದಿರುವುದಿಲ್ಲ. ಎಸಳುಗಳು ಪೂರ್ತಿ ಬಿಚ್ಚಿ ಪರಾಗ ಉದುರುವಷ್ಟರಲ್ಲಿ ಶಲಾಕಾಗ್ರಗಳ ಅಂಟು ಆರಿಹೋಗಿರುತ್ತದೆ. ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇದ್ದರೂ ಅವು ಒಂದನ್ನೊಂದು ಸಂಧಿಸುವುದು ಅಪರೂಪ.

ಆ ಕಿರಿದಾದ ಸಂದಿನಲ್ಲಿ ಜೇನು ನುಗ್ಗಲಾರದು. ನುಗ್ಗುವುದು ಕೆಲವೇ ಮಿಲಿಮೀಟರ್ ಉದ್ದದ, ಕೊಳೆತ ಹಣ್ಣಿನ ರಸಕ್ಕೆ ಮುತ್ತುವ ಕಂದು ಜೀರುಂಡೆ. ಹೂವಿನ ಹಣ್ಣಿನಂಥ ವಾಸನೆಗೆ ಮರುಳಾಗಿ ಅದು ಒಳಗೆ ಸೇರುತ್ತದೆ, ಗಂಡು ಹಂತದ ಹೂವಿನಿಂದ ಬಂದದ್ದಾದರೆ ಪರಾಗವನ್ನೂ ತರುತ್ತದೆ. ಸೀತಾಫಲದ ಹಣ್ಣಿನ ಮೇಲಿನ ಒಂದೊಂದು ಕಣ್ಣೂ ಹೂವಿನ ಒಂದೊಂದು ಅಂಡಾಶಯದಿಂದ ಬೆಳೆದದ್ದು. ಪರಾಗ ತಲುಪಿದ ಕಣ್ಣಿನ ಅಡಿಯಲ್ಲಿ ಬೀಜ ಸುತ್ತಿದ ಸಿಹಿ ತೊಳೆ ತುಂಬಿಕೊಳ್ಳುತ್ತದೆ, ತಲುಪದ ಕಡೆ ಹಣ್ಣು ಒಳಗೆ ಸೊರಗುತ್ತದೆ. ಸೊಟ್ಟ ಸೀತಾಫಲವನ್ನು ಕೈಯಲ್ಲಿ ಹಿಡಿದು ನೋಡಿದರೆ ಯಾವ ಬದಿಗೆ ಪರಾಗ ಸರಿಯಾಗಿ ಮುಟ್ಟಲಿಲ್ಲ ಎಂಬುದನ್ನು ಊಹಿಸಬಹುದು.

ಸೀತಾಫಲ ಅಮೆರಿಕ ಖಂಡದ ಉಷ್ಣ ವಲಯದಿಂದ ಬಂದ ಗಿಡ. ಅಲ್ಲಿನ ಹುಳುಗಳು ಅದರ ಜೊತೆಗೆ ಬರಲಿಲ್ಲ. ಇಲ್ಲಿನ ಬಂಧುಗಳು ಆ ಕೆಲಸವನ್ನು ತಕ್ಕಮಟ್ಟಿಗೆ ವಹಿಸಿಕೊಂಡಿವೆ. ಅವು ಸಾಲದ ಕಡೆ ಮನುಷ್ಯನೇ ಜೀರುಂಡೆಯಾಗಬೇಕು. ಸ್ಪೇನ್‌ನ ಗ್ರನಾಡಾ ಕರಾವಳಿಯಲ್ಲಿ ಸೀತಾಫಲದ ಸೋದರ ಚೆರಿಮೋಯಾ ಬೆಳೆಯುವವರು ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಹಚ್ಚುತ್ತಾರೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಅರ್ಕಾ ಸಹನ್ ತಳಿಗೂ ಒಳ್ಳೆಯ ಫಸಲು ಬೇಕೆಂದರೆ ಕುಂಚ ಹಿಡಿದು ಬೆಳಗ್ಗೆ ಗಿಡದಿಂದ ಗಿಡಕ್ಕೆ ಓಡಾಡಬೇಕಾಗುತ್ತದೆ. ಆ ದುಡಿಮೆಯ ಕೂಲಿ ಲೆಕ್ಕ ಹಾಕಿದಾಗ ಎಳ್ಳುಕಾಳಿನಷ್ಟಿರುವ ಹುಳುವಿನ ಬೆಲೆ ಅರಿವಾಗುತ್ತದೆ.

ಸಮುದ್ರ ದಾಟಿದ ಮೂತಿ ಹುಳು

ಜೀರುಂಡೆಯ ಬೆಲೆ ಇಡೀ ಒಂದು ಉದ್ಯಮಕ್ಕೆ ಮನವರಿಕೆಯಾದದ್ದು ಎಣ್ಣೆ ತಾಳೆಯ ತೋಟಗಳಲ್ಲಿ. ಪಶ್ಚಿಮ ಆಫ್ರಿಕಾದ ಈ ತಾಳೆ 1848ರಲ್ಲಿ ಜಾವಾದ ಬೋಗೋರ್ ಸಸ್ಯೋದ್ಯಾನ ತಲುಪಿ, ಮುಂದೆ ಮಲೇಷ್ಯಾದ ದೊಡ್ಡ ತೋಟಗಳ ಬೆಳೆಯಾಯಿತು. ಅಲ್ಲಿ ಗೊನೆಗಳು ಸರಿಯಾಗಿ ತುಂಬುತ್ತಿರಲಿಲ್ಲ. ತಾಳೆಯ ಪರಾಗಸ್ಪರ್ಶ ಗಾಳಿಯಿಂದ ಆಗುತ್ತದೆ ಎಂಬ ನಂಬಿಕೆಯಿಂದ ಕೊರತೆ ನೀಗಿಸಲು ಕೂಲಿಯಾಳುಗಳ ಕೈಯಲ್ಲಿ ಪರಾಗ ಊದಿಸಲಾಗುತ್ತಿತ್ತು. ಪಾಕಿಸ್ತಾನದ ಕೀಟತಜ್ಞ ರೆಹಮಾನ್ ಸಯ್ಯದ್ 1970ರ ದಶಕದ ಕೊನೆಯಲ್ಲಿ ತಾಳೆಯ ತವರಾದ ಕ್ಯಾಮರೂನ್‌ಗೆ ಹೋಗಿ ನೋಡಿದಾಗ, ಹೂಗೊಂಚಲುಗಳ ಮೇಲೆ ಸಣ್ಣ ಕಂದು ಮೂತಿ ಹುಳುಗಳು ಕಿಕ್ಕಿರಿದಿದ್ದವು.

ತಾಳೆಯಲ್ಲಿ ಗಂಡು ಗೊಂಚಲು, ಹೆಣ್ಣು ಗೊಂಚಲು ಬೇರೆಬೇರೆ. ಗಂಡು ಗೊಂಚಲು ಸೋಂಪಿನಂಥ ವಾಸನೆ ಬೀರುತ್ತದೆ. ಹುಳುಗಳು ಅಲ್ಲಿ ಪರಾಗ ತಿಂದು, ಮುಗಿದ ಗಂಡು ಹೂಗಳಲ್ಲೇ ಮೊಟ್ಟೆಯಿಟ್ಟು ಸಂಸಾರ ನಡೆಸುತ್ತವೆ. ಹೆಣ್ಣು ಗೊಂಚಲೂ ಅದೇ ವಾಸನೆ ಬೀರುತ್ತದೆ, ಕೊಡಲು ಅದರ ಬಳಿ ಏನೂ ಇಲ್ಲ. ವಾಸನೆಗೆ ಮೋಸಹೋಗಿ ಬಂದ ಹುಳು ಮೈಮೇಲಿನ ಪರಾಗವನ್ನು ಅಲ್ಲಿ ಉದುರಿಸಿ ಹೋಗುತ್ತದೆ. ಇತರ ಬೆಳೆಗಳಿಗೆ ಅದು ಹಾನಿ ಮಾಡದೆಂದು ಪರೀಕ್ಷಿಸಿ ಖಚಿತಪಡಿಸಿಕೊಂಡ ಮೇಲೆ 1981ರಲ್ಲಿ ಮಲೇಷ್ಯಾದಲ್ಲಿ ಈ ಹುಳುವನ್ನು ಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಕೈ ಪರಾಗಸ್ಪರ್ಶದ ಅಗತ್ಯವೇ ಉಳಿಯಲಿಲ್ಲ. 1985ರಲ್ಲಿ ಅದು ಕೇರಳದ ತೋಟಗಳಿಗೂ ಬಂತು. ಭಾರತದ ಎಣ್ಣೆ ತಾಳೆಯ ತೋಟಗಳಲ್ಲಿ ಇಂದು ಗೊನೆ ತುಂಬಿಸುತ್ತಿರುವುದು ಇದೇ ಹುಳು.

ದುರ್ವಾಸನೆ, ಕತ್ತಲೆ, ಕೆಂಪು

ಎಲ್ಲ ಜೀರುಂಡೆಗಳ ರುಚಿಯೂ ಹಣ್ಣಿನದಲ್ಲ. ಕೊಳೆತ ಮಾಂಸ, ಸಗಣಿ ಹುಡುಕುವ ಹುಳುಗಳನ್ನು ಸೆಳೆಯಲು ಸುವರ್ಣಗಡ್ಡೆ ಅದೇ ವಾಸನೆಯನ್ನು ಹೊರಸೂಸುತ್ತದೆ. ನೆಲದಲ್ಲೇ ಉಳಿದ ಗಡ್ಡೆ ಮುಂಗಾರು ಪೂರ್ವದ ಮಳೆಗೆ ಎಲೆಗಿಂತ ಮೊದಲು ಹೂ ಬಿಡುತ್ತದೆ. ಅಗಲವಾದ ಹೊದಿಕೆಯ ನಡುವೆ ನೇರಳೆಗಪ್ಪಿನ ದಪ್ಪ ಗಂಟು ನಿಲ್ಲುತ್ತದೆ. ಅದು ಬಿಸಿಯೇರಿ ನಾರತೊಡಗುತ್ತದೆ. ಕೆಳಗಿಳಿದ ಹುಳುಗಳು ಬುಡದ ಹೆಣ್ಣು ಹೂಗಳ ಮೇಲೆ ರಾತ್ರಿ ಕಳೆದು, ಮೇಲಿನ ಗಂಡು ಹೂಗಳು ಪರಾಗ ಸುರಿಸಿದ ಮೇಲೆ ಹೊರಬೀಳುತ್ತವೆ. ಗಡ್ಡೆಯನ್ನು ಹೂವಾಗುವ ಮೊದಲೇ ಕಿತ್ತು ತಿನ್ನುವುದರಿಂದ ಈ ಹೂವನ್ನು ಕಂಡವರು ಕಡಿಮೆ.

ಜಾಯಿಕಾಯಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ. ಹುರುಳಿಕಾಯಿ ಬೀಜಕ್ಕಿಂತ ದೊಡ್ಡದಲ್ಲದ, ಹೂಜಿಯಂಥ ಅದರ ಹೂಗಳು ಅರಳುವುದು ರಾತ್ರಿ. ದಕ್ಷಿಣ ಭಾರತದ ತೋಟಗಳಲ್ಲಿ ಅವುಗಳ ನಡುವೆ ಪರಾಗ ಸಾಗಿಸುವುದು ಇರುವೆಯನ್ನೇ ಹೋಲುವ ಪುಟ್ಟ ಜೀರುಂಡೆ ಎಂದು 1986ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಜಾಯಿಕಾಯಿಯ ಕಾಡುಬಂಧುಗಳಾದ ರಾಮಪತ್ರೆ ಮತ್ತು ಉತ್ತರ ಕನ್ನಡದ ಜೌಗು ಕಾಡುಗಳ ಅಪರೂಪದ ಮರಗಳೂ ಇಂಥ ಸಣ್ಣ ಜೀರುಂಡೆ, ನುಸಿಗಳನ್ನೇ ನೆಚ್ಚಿವೆ. ಆ ಜೌಗು ನೆಲ ಒಣಗಿದರೆ ಮರದ ಜೊತೆ ಈ ನಂಟೂ ಕಡಿಯುತ್ತದೆ.

ಮೆಡಿಟರೇನಿಯನ್ ತೀರದಲ್ಲಿ ಕಥೆ ಬೇರೆ. ಅಲ್ಲಿ ವಸಂತದಲ್ಲಿ ಅರಳುವ ಕೆಂಪು ಅನಿಮೋನೆ, ಗಸಗಸೆ, ಟ್ಯುಲಿಪ್ ಹೂಗಳಿಗೆ ಪರಿಮಳವಿಲ್ಲ. ಜೇನಿನ ಕಣ್ಣಿಗೆ ಕೆಂಪು ಸರಿಯಾಗಿ ಕಾಣದು, ಅಲ್ಲಿನ ರೋಮಭರಿತ ಜೀರುಂಡೆಗಳಿಗೆ ಕಾಣುತ್ತದೆ. ಇಸ್ರೇಲ್‌ನಲ್ಲಿ ಅಮೋಟ್ಸ್ ದಾಫ್ನಿ ಮತ್ತು ಸಂಗಡಿಗರು ಬೇರೆಬೇರೆ ಬಣ್ಣದ ಪ್ಲಾಸ್ಟಿಕ್ ಬಟ್ಟಲುಗಳನ್ನು ನೆಲದಲ್ಲಿಟ್ಟು ನೋಡಿದಾಗ ಹೆಚ್ಚು ಜೀರುಂಡೆಗಳು ಬಂದು ಬಿದ್ದದ್ದು ಕೆಂಪು ಬಟ್ಟಲಿಗೆ. 1990ರಲ್ಲಿ ಪ್ರಕಟವಾದ ಈ ಕೆಲಸ, ಜೀರುಂಡೆ ಹೂಗಳೆಲ್ಲ ಮಂಕು ಬಣ್ಣದವು ಎಂಬ ಹಳೆಯ ಮಾತನ್ನು ತಿದ್ದಿತು.

ಬಂದವರೆಲ್ಲ ನೆಂಟರಲ್ಲ

ಹೂವಿನ ಮೇಲೆ ಕಂಡ ಪ್ರತಿ ಜೀರುಂಡೆಯೂ ಪರಾಗಸ್ಪರ್ಶಿಯಲ್ಲ. ಅದರ ಮೈಗೆ ಪರಾಗ ಅಂಟಬೇಕು, ಅದು ಅದೇ ಜಾತಿಯ ಇನ್ನೊಂದು ಹೂವಿಗೆ ಹೋಗಬೇಕು, ಅಲ್ಲಿ ಶಲಾಕಾಗ್ರ ಮುಟ್ಟಬೇಕು, ಕೊನೆಗೆ ಕಾಯಿ ಕಚ್ಚಬೇಕು. ಇದನ್ನು ತಿಳಿಯಲು ಕೆಲವು ಮೊಗ್ಗುಗಳಿಗೆ ಬಲೆಯ ಚೀಲ ಕಟ್ಟಿ ಹುಳುಗಳನ್ನು ತಡೆದು, ತೆರೆದಿಟ್ಟ ಹೂಗಳ ಕಾಯಿಯೊಡನೆ ಹೋಲಿಸುತ್ತಾರೆ. ತೊಗರಿ, ಅಲಸಂದೆ, ಬೆಂಡೆ, ದಾಸವಾಳದ ಹೂಗಳನ್ನು ಮುಕ್ಕುವ, ಕಪ್ಪು ಮೈಗೆ ಕಿತ್ತಳೆ ಪಟ್ಟಿಯ ಜೀರುಂಡೆ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅದು ಹೂವನ್ನೇ ತಿಂದು ಕಾಯಿ ಕಡಿಮೆ ಮಾಡುತ್ತದೆ, ಮೈಯ ರಸ ತಾಗಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಆದರೆ ಅದರ ಮರಿಗಳು ನೆಲದೊಳಗೆ ಮಿಡತೆಯ ಮೊಟ್ಟೆಗಳನ್ನು ತಿನ್ನುತ್ತವೆ. ಇತ್ತ ಕೊತ್ತಂಬರಿಯ ಹೂಗೊಂಚಲಿಗೆ ಬರುವ ಗುಲಗಂಜಿ ಹುಳು ಪರಾಗ, ಮಕರಂದ ಸವಿದು ಅಷ್ಟಿಷ್ಟು ಪರಾಗ ಹೊರುತ್ತದೆ. ಅದರ ಮುಖ್ಯ ಉಪಕಾರ ಹೇನು ತಿನ್ನುವುದು. ಹೀಗೆ ಒಂದೊಂದು ಜೀರುಂಡೆಯ ಲೆಕ್ಕವನ್ನೂ ಬೇರೆಯಾಗಿಯೇ ಬರೆಯಬೇಕು.

ಹೂವಿಗೆ ಬರುವ ಹಲವು ಜೀರುಂಡೆಗಳ ಬಾಲ್ಯ ಹೂವಿನಿಂದ ದೂರ ಕಳೆಯುತ್ತದೆ. ಕೆಲವು ಮರಿಗಳು ಸತ್ತ ಮರದ ತಿರುಳಿನಲ್ಲಿ, ಕೆಲವು ತರಗೆಲೆಯ ಅಡಿಯಲ್ಲಿ, ಕೆಲವು ಗೊಬ್ಬರದ ಗುಂಡಿಯಲ್ಲಿ, ಕೆಲವು ಕೊಳೆತ ಹಣ್ಣಿನಲ್ಲಿ ಬೆಳೆಯುತ್ತವೆ. ಗೊಬ್ಬರದಲ್ಲಿ ಸಿಗುವ ಬಿಳಿ ಗೊಣ್ಣೆ ಹುಳುಗಳಲ್ಲಿ ಕೆಲವು ಕಬ್ಬು, ಅಡಿಕೆಯ ಬೇರು ತಿನ್ನುವ ಪೀಡೆಗಳ ಬಂಧುಗಳಾದರೂ ಕೊಳೆತದ್ದನ್ನಷ್ಟೇ ತಿಂದು ಮುಂದೆ ಹೂವಿಗೆ ಹಾರುವಂಥವು. ತೋಟ ಚೊಕ್ಕಟವಾಗಲಿ ಎಂದು ತರಗೆಲೆಗೆ ಬೆಂಕಿ ಇಟ್ಟಾಗ, ಒಣಮರ ಕಡಿದು ಸಾಗಿಸಿದಾಗ, ಹೂವಿನ ಹೊತ್ತಿನಲ್ಲೇ ಕೀಟನಾಶಕ ಸಿಂಪಡಿಸಿದಾಗ ಈ ಹುಳುಗಳ ಮನೆಯೂ ಊಟವೂ ಒಟ್ಟಿಗೆ ಹೋಗುತ್ತವೆ. ಜೇನಿಗೆ ಪೆಟ್ಟಿಗೆ ಇಟ್ಟು ಸಾಕಬಹುದು; ಈ ಹುಳುಗಳಲ್ಲಿ ಹೆಚ್ಚಿನವಕ್ಕೆ ಅಂಥ ಪೆಟ್ಟಿಗೆಯಿಲ್ಲ, ನೆಲವೇ ಅವುಗಳ ಪೆಟ್ಟಿಗೆ.

ಹಾಗಾಗಿ ಬೆಳೆಗಾರರು ಮಾಡಬೇಕಾದದ್ದು ದುಬಾರಿ ಕೆಲಸವೇನಲ್ಲ. ತೋಟದ ಒಂದು ಮೂಲೆಯಲ್ಲಿ ತರಗೆಲೆ, ಒಣ ದಿಮ್ಮಿ ಹಾಗೇ ಇರಲಿ. ಔಷಧಿ ಹೊಡೆಯಲೇಬೇಕಾದರೆ ಹೂವಿನ ಕಾಲ ತಪ್ಪಿಸಲಿ. ಸೀತಾಫಲ ಹೂ ಬಿಟ್ಟಾಗ ಗಿಡಗಳ ನಡುವೆ ಕೊಳೆತ ಹಣ್ಣುಗಳನ್ನಿಟ್ಟು ಈ ಹುಳುಗಳನ್ನು ಕರೆಸಿಕೊಳ್ಳುವ ಪದ್ಧತಿಯನ್ನು ಹೊರದೇಶಗಳ ಬೆಳೆಗಾರರು ಪ್ರಯೋಗಿಸಿದ್ದಾರೆ. ಅದನ್ನು ಇಲ್ಲಿಯೂ ನೋಡಬಹುದು. ಹೂವಿನೊಳಗೆ ಹುಳು ಕಂಡೊಡನೆ ಹೊಸಕಿಹಾಕುವ ಮೊದಲು ಅದರ ಮೈಗೆ ಪರಾಗ ಮೆತ್ತಿದೆಯೇ ಎಂದು ಒಮ್ಮೆ ಬಗ್ಗಿ ನೋಡಿ.